‘ಲಾಸ್ಟ್’ನ ‘ದಿ ಕಾನ್‌ಸ್ಟಂಟ್’ ಎಪಿಸೋಡ್: ಪದೇ ಪದೇ ಕೇಳುವ ಪ್ರಶ್ನೆಗಳು

ದ್ವೀಪವೊಂದರಲ್ಲಿ ಸಿಕ್ಕಿಬಿದ್ದ ವಿಮಾನ ಪ್ರಯಾಣಿಕರ ಕಥೆ ‘ಲಾಸ್ಟ್’. ಇಡೀ ಧಾರಾವಾಹಿಯನ್ನು ನಾನು ಮೂರು ಸಲ ನೋಡಿದ್ದೇನೆ. ನಾಲ್ಕನೇ ಸೀಸನ್ನಿನ ಐದನೇ ಎಪಿಸೋಡ್ ‘ದಿ ಕಾನ್‌ಸ್ಟಂಟ್’ ಅನ್ನು ಎಷ್ಟು ಸಲ ನೋಡಿದೆನೋ ಲೆಕ್ಕ ಇಟ್ಟಿಲ್ಲ. ಗೆಳೆಯರನ್ನು, ಆಫೀಸಿನವರನ್ನು, ಮನೆಯವರನ್ನು ಕೂರಿಸಿಕೊಂಡು ತೋರಿಸಿದ್ದೇನೆ. ನೋಡಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಒಂದು ಕಡೆ ಬರೆದಿಡೋಣ ಅನ್ನಿಸಿ ಇದನ್ನು ಬರೆದೆ. ಎಪಿಸೋಡ್ ಇನ್ನೂ ನೋಡಿಲ್ಲದವರು ಮೊದಲ ನಾಲ್ಕು ಪ್ರಶ್ನೆ ಓದಿ ನಿಲ್ಲಿಸಿ, ನೋಡಿಕೊಂಡು ಬನ್ನಿ. ಅಲ್ಲಿಂದಾಚೆ ಕಥೆಯನ್ನು ಪೂರ್ತಿ ಬಿಚ್ಚಿಟ್ಟಿದ್ದೇನೆ.

‘ಲಾಸ್ಟ್’ ಒಂದು ಎಪಿಸೋಡ್ ಕೂಡ ನೋಡಿಲ್ಲ. ಏನದು ಅಂತ ಚುಟುಕಾಗಿ ಹೇಳುತ್ತೀರಾ?

ಅಮೆರಿಕದ ಎಬಿಸಿ ವಾಹಿನಿಯಲ್ಲಿ 2004ರ ಸೆಪ್ಟೆಂಬರ್ 22ರಂದು ಶುರುವಾಗಿ 2010ರ ಮೇ 23ರಂದು ಮುಗಿದ ಧಾರಾವಾಹಿ. ಒಟ್ಟು ಆರು ಸೀಸನ್. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ಓಷಿಯಾನಿಕ್ 815 ಎಂಬ ವಿಮಾನ ಪೆಸಿಫಿಕ್ ಸಾಗರದ ಒಂದು ದ್ವೀಪದ ಮೇಲೆ ತುಂಡಾಗಿ ಬೀಳುತ್ತದೆ. ಬದುಕುಳಿದವರು ನೀರು, ಊಟ, ಬೆಂಕಿ ಅಂತ ಹೋರಾಡುತ್ತಿರುವಾಗಲೇ ಆ ದ್ವೀಪ ಸಾಮಾನ್ಯದ್ದಲ್ಲ ಎಂದು ಒಂದೊಂದಾಗಿ ಗೊತ್ತಾಗುತ್ತದೆ. ಹೆಚ್ಚಿನ ಎಪಿಸೋಡ್‌ಗಳು ಒಬ್ಬೊಬ್ಬರ ಹಳೆಯ ಬದುಕಿಗೆ ಹೋಗಿ ಬರುತ್ತವೆ. ಚಿತ್ರೀಕರಣ ಬಹುಪಾಲು ಹವಾಯಿಯ ಓಹು ದ್ವೀಪದಲ್ಲಿ ನಡೆಯಿತು.

ಈ ಎಪಿಸೋಡ್ ಯಾವಾಗ ಬಂತು? ಮಾಡಿದವರು ಯಾರು?

2008ರ ಫೆಬ್ರುವರಿ 28ರಂದು. ಬರೆದವರು ಕಾರ್ಲ್‌ಟನ್ ಕ್ಯೂಸ್ ಮತ್ತು ಡೇಮನ್ ಲಿಂಡೆಲಾಫ್, ಅಂದರೆ ಧಾರಾವಾಹಿಯನ್ನು ನಡೆಸುತ್ತಿದ್ದ ಇಬ್ಬರೇ. ನಿರ್ದೇಶನ ಜಾಕ್ ಬೆಂಡರ್ ಅವರದು, ಸಂಗೀತ ಮೈಕಲ್ ಜಿಯಾಕಿನೋ ಅವರದು. ಆಗ ಹಾಲಿವುಡ್ ಬರಹಗಾರರ ಮುಷ್ಕರ ನಡೆದು, ಹದಿನಾರು ಎಪಿಸೋಡ್ ಆಗಬೇಕಿದ್ದ ಸೀಸನ್ ಹದಿನಾಲ್ಕಕ್ಕೆ ಇಳಿಯಿತು. ಮುಷ್ಕರಕ್ಕೆ ಮುಂಚೆಯೇ ತಯಾರಾಗಿದ್ದ ಎಂಟು ಎಪಿಸೋಡ್‌ಗಳಲ್ಲಿ ಇದೂ ಒಂದು.

ಹಿಂದಿನ ಮೂರು ಸೀಸನ್ ನೋಡದೆ ಇದೊಂದನ್ನೇ ನೋಡಬಹುದೇ?

ನೋಡಬಹುದು. ನಾನು ಹಾಗೆ ತೋರಿಸಿದವರಲ್ಲಿ ಅರ್ಧಕ್ಕೆ ಎದ್ದು ಹೋದವರು ಒಬ್ಬರೂ ಇಲ್ಲ. ಧಾರಾವಾಹಿಯ ಇತರ ಒಗಟುಗಳು ಇಲ್ಲಿ ಅಂಚಿನಲ್ಲಿ ಉಳಿಯುತ್ತವೆ. ನಡುವೆ ನಿಲ್ಲುವುದು ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದು ಟೆಲಿಫೋನ್. ಆದರೂ ಎರಡನೇ ಸೀಸನ್‌ನಿಂದ ಡೆಸ್ಮಂಡ್‌ನ ಜೊತೆ ನಡೆದು ಬಂದವರಿಗೆ ಆಗುವ ಅನುಭವವೇ ಬೇರೆ. ಸಮಯ ಇದ್ದರೆ ಮೊದಲಿಂದ ಬನ್ನಿ ಎನ್ನುವುದು ನನ್ನ ಸಲಹೆ.

ಇದೊಂದನ್ನೇ ನೋಡುವುದಾದರೆ ಮುಂಚೆ ಏನೇನು ಗೊತ್ತಿರಬೇಕು?

ಡೆಸ್ಮಂಡ್ ಹ್ಯೂಮ್ ಸ್ಕಾಟ್ಲೆಂಡಿನವನು. ವಿಮಾನದಲ್ಲಿ ಬಂದವನಲ್ಲ. ಶ್ರೀಮಂತ ಚಾರ್ಲ್ಸ್ ವಿಡ್ಮೋರ್‌ನ ಮಗಳು ಪೆನಲೋಪಿಯನ್ನು, ಎಲ್ಲರ ಬಾಯಲ್ಲಿ ಪೆನ್ನಿ, ಪ್ರೀತಿಸಿದ್ದ. ಅವಳಿಗೆ ತಾನು ತಕ್ಕವನಲ್ಲ ಎಂಬ ಅಳುಕಿಗೆ ಬಿದ್ದು ತಾನೇ ಬಿಟ್ಟು ಹೋದ, ಸೇನೆಗೆ ಸೇರಿದ. ಮುಂದೆ ತನ್ನ ಮರ್ಯಾದೆ ಗಳಿಸಿಕೊಳ್ಳುತ್ತೇನೆಂದು ಒಬ್ಬನೇ ಹಾಯಿದೋಣಿ ಹತ್ತಿ ಜಗತ್ತು ಸುತ್ತುವ ಪಂದ್ಯಕ್ಕೆ ಇಳಿದು ಈ ದ್ವೀಪದಲ್ಲಿ ಸಿಕ್ಕಿಬಿದ್ದ. ನೆಲದಡಿಯ ಒಂದು ಬಂಕರ್‌ನಲ್ಲಿ 108 ನಿಮಿಷಕ್ಕೊಮ್ಮೆ ಗುಂಡಿ ಒತ್ತುತ್ತಾ ಮೂರು ವರ್ಷ ಕಳೆದ. ಕೊನೆಗೆ ಆ ಬಂಕರ್ ಕುಸಿಯುವಾಗ ಭಾರೀ ವಿದ್ಯುತ್ಕಾಂತೀಯ ಶಕ್ತಿ ಅವನ ಮೈ ಹಾದುಹೋಯಿತು. ಅಂದಿನಿಂದ ಅವನಿಗೂ ಕಾಲಕ್ಕೂ ಇದ್ದ ನಂಟು ಕೆಟ್ಟಿದೆ.

ಇನ್ನೊಂದು ಸಂಗತಿ. ಮೂರನೇ ಸೀಸನ್ ಕೊನೆಯಲ್ಲಿ ದ್ವೀಪದ ಹತ್ತಿರ ಒಂದು ಹಡಗು ಬಂದಿದೆ ಎಂದು ಗೊತ್ತಾಗುತ್ತದೆ. ಅದು ಪೆನ್ನಿ ಕಳಿಸಿದ್ದು ಎಂದೇ ಎಲ್ಲರೂ ನಂಬಿರುತ್ತಾರೆ. ಅಲ್ಲ ಎಂದು ತಿಳಿದ ಚಾರ್ಲಿ (ವಿಮಾನದಿಂದ ಬದುಕುಳಿದವರಲ್ಲೊಬ್ಬ), ನೀರು ತುಂಬುತ್ತಿರುವ ಕೋಣೆಯಲ್ಲಿ ಸಾಯುವ ಮುಂಚೆ, ‘ನಾಟ್ ಪೆನ್ನೀಸ್ ಬೋಟ್’ ಎಂದು ಅಂಗೈ ಮೇಲೆ ಬರೆದು ಗಾಜಿಗೆ ಒತ್ತಿ ಡೆಸ್ಮಂಡ್‌ಗೆ ತೋರಿಸುತ್ತಾನೆ. ಆ ಹಡಗಿಗೆ ಡೆಸ್ಮಂಡ್ ಹೊರಡುವುದರಿಂದ ಈ ಎಪಿಸೋಡ್ ಶುರು.

ಸರಿ, ನೋಡಿದೆ. ಆದರೆ ತಲೆ ಗೊಂದಲವಾಗಿದೆ. ಕಥೆಯನ್ನು ಒಮ್ಮೆ ಸಾಲಾಗಿ ಹೇಳಿ.

ಡೆಸ್ಮಂಡ್ ಮತ್ತು ವಿಮಾನದಿಂದ ಬದುಕುಳಿದವರಲ್ಲೊಬ್ಬನಾದ ಸಯೀದ್, ಪೈಲಟ್ ಫ್ರಾಂಕ್ ಜೊತೆ ಹೆಲಿಕಾಪ್ಟರ್‌ನಲ್ಲಿ ಹೊರಡುತ್ತಾರೆ. ಹೋಗಬೇಕಾದ ದಿಕ್ಕಿನ ಅಂಕೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಫ್ರಾಂಕ್ ಹಾರಿಸುತ್ತಿದ್ದಾನೆ. ಆ ಜಾಡು ತಪ್ಪಬಾರದು. ಬಿರುಗಾಳಿಯ ಮೋಡದೊಳಗೆ ಹೆಲಿಕಾಪ್ಟರ್ ಕುಲುಕಾಡುತ್ತದೆ. ಮರುಕ್ಷಣ ಡೆಸ್ಮಂಡ್ ಕಣ್ಣು ಬಿಟ್ಟರೆ 1996, ಸ್ಕಾಟ್ಲೆಂಡಿನ ಸೇನಾ ಬ್ಯಾರಕ್, ಎದುರಿಗೆ ಕಿರುಚುತ್ತಿರುವ ಸಾರ್ಜೆಂಟ್. ಹೆಲಿಕಾಪ್ಟರ್‌ನಲ್ಲಿದ್ದೆ, ಅದು ಕನಸು ಅಂದುಕೊಳ್ಳುತ್ತಾನೆ. ಮತ್ತೆ ಹೆಲಿಕಾಪ್ಟರ್‌ಗೆ ಮರಳಿದಾಗ ಪಕ್ಕದಲ್ಲಿ ಕೂತ ಸಯೀದ್ ಯಾರೆಂದೇ ಅವನಿಗೆ ಗೊತ್ತಿಲ್ಲ.

ಹಡಗು ತಲುಪಿದ ಮೇಲೆ ಅವನನ್ನು ಚಿಕಿತ್ಸೆಯ ಕೋಣೆಗೆ ಹಾಕಿ ಬಾಗಿಲು ಜಡಿಯುತ್ತಾರೆ. ಅಲ್ಲಿ ಇದೇ ಕಾಯಿಲೆ ಹತ್ತಿದ ಇನ್ನೊಬ್ಬನನ್ನು ಮಂಚಕ್ಕೆ ಕಟ್ಟಿದ್ದಾರೆ. ಅವನು ಹಡಗಿನ ರೇಡಿಯೋ ಆಪರೇಟರ್ ಮಿನ್‌ಕೌಸ್ಕಿ. ದ್ವೀಪದಲ್ಲಿರುವ ಭೌತಶಾಸ್ತ್ರಜ್ಞ ಡೇನಿಯಲ್ ಫ್ಯಾರಡೆ ಸ್ಯಾಟಲೈಟ್ ಫೋನಿನಲ್ಲಿ ಡೆಸ್ಮಂಡ್‌ಗೆ ಹೇಳುತ್ತಾನೆ: ಮುಂದಿನ ಸಲ 1996ಕ್ಕೆ ಹೋದಾಗ ಆಕ್ಸ್‌ಫರ್ಡ್‌ನ ಕ್ವೀನ್ಸ್ ಕಾಲೇಜಿಗೆ ಹೋಗು, ಅಲ್ಲಿ ನನ್ನನ್ನೇ ಹುಡುಕು. ಡೆಸ್ಮಂಡ್ ಹೋಗುತ್ತಾನೆ. ಎಂಟು ವರ್ಷ ಚಿಕ್ಕವನಾದ ಫ್ಯಾರಡೆ ಹೇಳುವ ಉಪಾಯ ಒಂದೇ: ಎರಡೂ ಕಾಲದಲ್ಲಿ ಇರುವ, ನಿನಗೆ ತುಂಬ ಬೇಕಾದ ಒಂದನ್ನು ಹಿಡಿದುಕೋ, ಇಲ್ಲದಿದ್ದರೆ ಸಾಯುತ್ತೀಯ. ಡೆಸ್ಮಂಡ್‌ಗೆ ಅದು ಪೆನ್ನಿ. ಆದರೆ 2004ರಲ್ಲಿ ಅವಳಿಗೆ ಕರೆ ಮಾಡಲು ನಂಬರ್ ಬೇಕು. ಆ ನಂಬರನ್ನು ತನ್ನ ಮುಖ ನೋಡಲೂ ಒಲ್ಲದ 1996ರ ಪೆನ್ನಿಯಿಂದಲೇ ಪಡೆಯಬೇಕು.

ಇದು ಕಾಲಪ್ರಯಾಣವೇ?

ದೇಹ ಎಲ್ಲೂ ಹೋಗುವುದಿಲ್ಲ. 2004ರ ದೇಹ ಹಡಗಿನಲ್ಲೇ ಇದೆ, 1996ರ ದೇಹ ಬ್ಯಾರಕ್‌ನಲ್ಲೇ ಇದೆ. ನಡುವೆ ಜಿಗಿದಾಡುವುದು ಪ್ರಜ್ಞೆ ಮಾತ್ರ. ಅದರಲ್ಲೂ ಯಾರ ಪ್ರಜ್ಞೆ ಎನ್ನುವುದನ್ನು ಗಮನಿಸಿ, ಹೆಚ್ಚಿನವರು ಎಡವುವುದು ಇಲ್ಲೇ. ಎಂಟು ವರ್ಷ ಕಳೆದ ಡೆಸ್ಮಂಡ್ ಹಿಂದಕ್ಕೆ ಹೋಗುತ್ತಿಲ್ಲ. 1996ರ ಸೈನಿಕ ಮುಂದಕ್ಕೆ ಬಂದು ತನ್ನದೇ ವಯಸ್ಸಾದ ದೇಹದೊಳಗೆ ಕಣ್ಣು ಬಿಡುತ್ತಿದ್ದಾನೆ. ಅದಕ್ಕೇ ಅವನಿಗೆ ದ್ವೀಪ ಗೊತ್ತಿಲ್ಲ, ವಿಮಾನ ಗೊತ್ತಿಲ್ಲ, ಜೀವದ ಗೆಳೆಯನಾದ ಸಯೀದ್ ಗೊತ್ತಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಮ್ಮೆ ನೋಡಿದರೆ ಅರ್ಧ ಗೊಂದಲ ಕರಗುತ್ತದೆ. ಡೆಸ್ಮಂಡ್ ಪಾತ್ರ ಮಾಡಿರುವ ಕ್ಯೂಸಿಕ್ ಅವರ ನಟನೆಯೂ ಆಗ ಹೆಚ್ಚು ತಿಳಿಯುತ್ತದೆ: ಹಡಗಿನ ದೃಶ್ಯಗಳಲ್ಲಿ ಅವರು ಗಡ್ಡ ಬಿಟ್ಟ, ನೊಂದ ಮನುಷ್ಯನ ಮುಖದಲ್ಲಿ ಗಾಬರಿಬಿದ್ದ ಹುಡುಗನ ಕಣ್ಣು ಇಟ್ಟುಕೊಂಡು ನಟಿಸುತ್ತಿದ್ದಾರೆ.

ಜಿಗಿತಗಳೂ ಸೀದಾ ಕಟ್ ಆಗುತ್ತವೆ. ಪರದೆ ಮಸುಕಾಗುವುದಿಲ್ಲ, ಇಸವಿ ಬರೆದು ತೋರಿಸುವುದಿಲ್ಲ. ಫೋನ್ ಬೂತ್‌ನಲ್ಲಿ ಬಿದ್ದ ಚಿಲ್ಲರೆ ಆರಿಸಲು ಬಗ್ಗಿದವನು ತಲೆಯೆತ್ತುವಷ್ಟರಲ್ಲಿ ಹಡಗಿನಲ್ಲಿದ್ದಾನೆ. ಅವನಿಗೆ ಎಷ್ಟು ಗೊತ್ತೋ ನಮಗೂ ಅಷ್ಟೇ.

ಎಲೋಯಿಸ್ ಎಂಬ ಇಲಿಯ ಪ್ರಯೋಗ ಏನು?

ಫ್ಯಾರಡೆ ಬಳಿ ಒಂದು ಬಿಳಿ ಇಲಿ ಇದೆ, ಅದಕ್ಕಾಗಿ ಮಾಡಿದ ಒಂದು ಸಿಕ್ಕುದಾರಿಯ ಪೆಟ್ಟಿಗೆ ಇದೆ. ಯಂತ್ರದ ಕಿರಣವನ್ನು ಇಲಿಯ ಮೇಲೆ ಹಾಯಿಸುತ್ತಾನೆ. ಸ್ವಲ್ಪ ಹೊತ್ತು ಅಲುಗದೆ ಕೂತ ಇಲಿ, ಬಾಗಿಲು ತೆರೆದದ್ದೇ ಒಂದು ಕಡೆಯೂ ತಡವರಿಸದೆ ದಾರಿ ಹಿಡಿದು ಆಚೆ ಸೇರುತ್ತದೆ. ಡೆಸ್ಮಂಡ್‌ಗೆ ಇದರಲ್ಲೇನು ವಿಶೇಷ ಎಂದು ಹೊಳೆಯುವುದಿಲ್ಲ. ಆಗ ಫ್ಯಾರಡೆ ಹೇಳುತ್ತಾನೆ, ಆ ದಾರಿಯನ್ನು ಇಲಿಗೆ ಕಲಿಸಬೇಕಿರುವುದು ಇನ್ನೊಂದು ಗಂಟೆಯ ನಂತರ. ಮುಂದೆ ಕಲಿಯಲಿರುವುದನ್ನು ಅದು ಈಗಲೇ ತಂದುಕೊಂಡಿದೆ.

ಡೆಸ್ಮಂಡ್ ಒಂದು ಜಿಗಿತ ಮುಗಿಸಿ ಬರುವಷ್ಟರಲ್ಲಿ ಇಲಿ ಸತ್ತಿರುತ್ತದೆ. ಯಾವುದು ಈಗ, ಯಾವುದು ಆಗ ಎಂದು ಬಿಡಿಸಲಾರದೆ ಮೆದುಳು ಸೋತಿದೆ. ತನಗೆ ಎಷ್ಟು ಹೊತ್ತು ಉಳಿದಿದೆ ಎಂದು ಡೆಸ್ಮಂಡ್‌ಗೂ ನಮಗೂ ತಿಳಿಯುವುದು ಆ ಪುಟ್ಟ ಹೆಣ ನೋಡಿ. ಮಿನ್‌ಕೌಸ್ಕಿಯ ಮೂಗಿನಿಂದ ಇಳಿಯುವ ರಕ್ತ ಅದಕ್ಕೆ ಎರಡನೇ ಸಾಕ್ಷಿ.

‘ಕಾನ್‌ಸ್ಟಂಟ್’ ಅಂದರೆ ಕನ್ನಡದಲ್ಲಿ ಏನನ್ನಬೇಕು?

ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಓದಿದವರಿಗೆ ‘ಸ್ಥಿರಾಂಕ’ ಗೊತ್ತು, ಕೆಲವು ಪುಸ್ತಕಗಳಲ್ಲಿ ‘ನಿಯತಾಂಕ’. ಪ್ಲ್ಯಾಂಕ್ ಸ್ಥಿರಾಂಕ, ಗುರುತ್ವ ಸ್ಥಿರಾಂಕ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಸಮೀಕರಣದಲ್ಲಿ ಉಳಿದದ್ದೆಲ್ಲ ಬದಲಾದರೂ ಅದು ಬದಲಾಗದು. ಫ್ಯಾರಡೆ ಬೋರ್ಡಿನ ಮೇಲೆ ಲೆಕ್ಕ ಬರೆದು ಹೇಳುವುದೂ ಇದನ್ನೇ. ಪ್ರತಿ ಲೆಕ್ಕಕ್ಕೂ ಒಂದು ಸ್ಥಿರಾಂಕ ಬೇಕು, ನಿನ್ನ ಲೆಕ್ಕದಲ್ಲಿ ಅದಿಲ್ಲ.

ಆದರೆ ಒಬ್ಬ ಹೆಂಗಸನ್ನು ‘ಅಂಕ’ ಎಂದು ಕರೆಯಲು ನನಗೆ ಮನಸ್ಸು ಬಾರದು. ಒಬ್ಬ ಗೆಳೆಯ ‘ಆಧಾರ’ ಎಂದ, ಇನ್ನೊಬ್ಬಳು ‘ಲಂಗರು’ ಎಂದಳು. ನನಗೆ ಹತ್ತಿರವೆನಿಸಿದ್ದು ‘ನೆಲೆ’. ನೆಲೆ ತಪ್ಪಿದವನ ಕಥೆಯಲ್ಲವೇ ಇದು.

2.342, 11 ಹರ್ಟ್ಸ್: ಈ ಅಂಕೆಗಳಿಗೆ ಏನಾದರೂ ಅರ್ಥ ಇದೆಯೇ?

1996ರ ಫ್ಯಾರಡೆ ಗುರುತಿಲ್ಲದ ಸೈನಿಕನ ಮಾತು ನಂಬಬೇಕಲ್ಲ. ಅದಕ್ಕಾಗಿ 2004ರ ಫ್ಯಾರಡೆ ತನ್ನ ಯಂತ್ರದ ಹೊಂದಾಣಿಕೆಯನ್ನೇ ಗುರುತಾಗಿ ಕಳಿಸುತ್ತಾನೆ: 2.342ಕ್ಕೆ ಇಡಬೇಕು, 11 ಹರ್ಟ್ಸ್‌ನಲ್ಲಿ ಕಂಪಿಸಬೇಕು. ಅದಕ್ಕೂ ಬಗ್ಗದಿದ್ದರೆ ಎಲೋಯಿಸ್ ಹೆಸರು ಹೇಳು ಎನ್ನುತ್ತಾನೆ. 23 ಮತ್ತು 42 ಧಾರಾವಾಹಿಯ ಪ್ರಸಿದ್ಧ ಆರು ಅಂಕೆಗಳಲ್ಲಿ (4, 8, 15, 16, 23, 42) ಕೊನೆಯ ಎರಡು. ಪೆನ್ನಿಯ ವಿಳಾಸ ಕೇಳಲು ಡೆಸ್ಮಂಡ್ ಅವಳ ಅಪ್ಪ ವಿಡ್ಮೋರ್ ಇರುವಲ್ಲಿಗೆ ಹೋಗುವ ಹರಾಜಿನ ದೃಶ್ಯದಲ್ಲಿ ವಸ್ತುವಿನ ಸಂಖ್ಯೆಯೂ 2342. ಅಭಿಮಾನಿಗಳಿಗೆ ಕೊಟ್ಟ ಕಾಣಿಕೆ ಅಂದುಕೊಳ್ಳಿ. ಭೌತಶಾಸ್ತ್ರದ ಅರ್ಥ ಹುಡುಕಬೇಕಿಲ್ಲ.

ಆ ಹರಾಜಿನಲ್ಲಿ ವಿಡ್ಮೋರ್ ಕೊಂಡದ್ದೇನು?

‘ಬ್ಲ್ಯಾಕ್ ರಾಕ್’ ಎಂಬ ಹಡಗಿನ ದಿನಚರಿ. 1845ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಿಂದ ಹೊರಟು ಕಾಣೆಯಾದ ಹಡಗು ಅದು. ದಿನಚರಿ ಆಮೇಲೆ ಮಡಗಾಸ್ಕರ್ ಬಳಿಯ ದ್ವೀಪವೊಂದರಲ್ಲಿ ಕಡಲ್ಗಳ್ಳರ ಸಾಮಾನಿನ ನಡುವೆ ಸಿಕ್ಕಿತು ಎಂದು ಹರಾಜುಗಾರ ವಿವರಿಸುತ್ತಾನೆ. ಅದೇ ಹಡಗು ಕಾಡಿನ ನಡುವೆ ನಿಂತಿರುವುದನ್ನು ನಾವು ಮೊದಲ ಸೀಸನ್‌ನಲ್ಲೇ ನೋಡಿದ್ದೇವೆ. ಆದ್ದರಿಂದ ವಿಡ್ಮೋರ್‌ಗೆ ಬೇಕಿರುವುದು ಆ ದ್ವೀಪದ ದಾರಿ ಎಂದು ಹೇಳದೆಯೇ ಗೊತ್ತಾಗುತ್ತದೆ. ಅವನು ಕೊಡುವ ಬೆಲೆ 3,80,000 ಪೌಂಡ್.

ಮಗಳಿಂದ ದೂರ ಇಡಬೇಕಾದವನಿಗೆ ವಿಡ್ಮೋರ್ ವಿಳಾಸ ಯಾಕೆ ಕೊಟ್ಟ?

ಪೆನ್ನಿಯೇ ಇವನ ಮುಖಕ್ಕೆ ಬಾಗಿಲು ಹಾಕುತ್ತಾಳೆ ಎಂಬ ಖಾತ್ರಿಯಿಂದ. ವಿಡ್ಮೋರ್‌ಗೆ ಡೆಸ್ಮಂಡ್‌ನನ್ನು ಓಡಿಸುವ ಶ್ರಮ ಕೂಡ ಬೇಕಿಲ್ಲ. ಶೌಚಾಲಯದಲ್ಲಿ ನಡೆಯುವ ಆ ಮಾತುಕತೆಯ ಕೊನೆಗೆ ಅವನು ನಲ್ಲಿ ತಿರುಗಿಸದೆ ಹಾಗೇ ನಡೆದುಬಿಡುತ್ತಾನೆ. ನೀರು ತುಂಬಿ ಹರಿಯುತ್ತಿದೆ. ಡೆಸ್ಮಂಡ್ ವಿಳಾಸದ ಚೀಟಿ ಹಿಡಿದವನು ಒಂದು ಕ್ಷಣ ನಿಂತು, ಹೋಗಿ ನಲ್ಲಿ ಬಂದ್ ಮಾಡುತ್ತಾನೆ. ಆ ಇಬ್ಬರ ನಡುವಿನ ಅಂತರವನ್ನು ಹೇಳಲು ಇದಕ್ಕಿಂತ ಒಂದು ಮಾತೂ ಹೆಚ್ಚು ಬೇಕಾಗಿಲ್ಲ.

ಪೆನ್ನಿ ಕೊಡುವ ಫೋನ್ ನಂಬರ್ ನಿಜವಾದದ್ದೇ?

ಅಲ್ಲ. 7946 0893 ಎಂಬ ಆ ನಂಬರ್, ಲಂಡನ್ನಿನ ಸಂಖ್ಯೆಗಳಲ್ಲಿ ನಾಟಕ ಸಿನಿಮಾಗಳಿಗೆಂದೇ ಎತ್ತಿಟ್ಟ ಸಾಲಿಗೆ ಸೇರಿದ್ದು. ಯಾರ ಮನೆಗೂ ಕೊಡುವುದಿಲ್ಲ.

ಒಂದು ಸಣ್ಣ ತಪ್ಪು ಇದೆ. ಲಂಡನ್ನಿನ ಸ್ಥಳೀಯ ನಂಬರ್‌ಗಳು ಎಂಟು ಅಂಕಿಯಾದದ್ದು 2000ದಲ್ಲಿ. 1996ರಲ್ಲಿ ಏಳು ಅಂಕಿ, ಮುಂದೆ 0171 ಎಂಬ ಕೋಡ್. ಹಾಗಾಗಿ ಪೆನ್ನಿ ಆಗ 946 0893 ಎನ್ನಬೇಕಿತ್ತು. ತಮಾಷೆಯೆಂದರೆ, ಹಳೆಯ 0171 946 0893 ಹೊಸ ಪದ್ಧತಿಯಲ್ಲಿ 020 7946 0893 ಆಗುತ್ತದೆ. ಅಂದರೆ ಅವಳು ಹೇಳಿದ್ದು 2004ರಲ್ಲಿ ಸರಿಯಾಗಿ ಸೇರುವ ನಂಬರನ್ನೇ. ಎಂಟು ವರ್ಷದಲ್ಲಿ ಊರಿನ ನಂಬರಿಗೆಲ್ಲ ಹೊಸ ಅಂಕಿ ಸೇರಿತು, ಇವಳು ಕೊಟ್ಟದ್ದು ಮಾತ್ರ ಕೆಡಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಆ ತಪ್ಪನ್ನು ಪ್ರೀತಿಸಲು ಶುರುಮಾಡಿದ್ದೇನೆ.

ಆ ಒಂದು ಫೋನ್ ಕರೆ ಎಲ್ಲರನ್ನೂ ಯಾಕೆ ಅಳಿಸುತ್ತದೆ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಪೆನ್ನಿಯ ಬಾಗಿಲಲ್ಲಿ ನಡೆಯುವುದನ್ನು ನೋಡಿ. ಬಿಟ್ಟು ಹೋದವನು ಬಂದು ನಂಬರ್ ಕೇಳುತ್ತಾನೆ. ಇವತ್ತು ಕರೆ ಮಾಡುವುದಿಲ್ಲ, ನಾಳೆಯೂ ಇಲ್ಲ, ಎಂಟು ವರ್ಷ ಕಳೆದು 2004ರ ಡಿಸೆಂಬರ್ 24ರಂದು ಮಾಡುತ್ತೇನೆ ಎನ್ನುತ್ತಾನೆ. ಹುಚ್ಚನ ಮಾತು. ಅವನನ್ನು ಹೊರಗೆ ಹಾಕಿದರೆ ಸಾಕೆಂದು ಅವಳು ನಂಬರ್ ಹೇಳುತ್ತಾಳೆ. ಅವನು ಬರೆದುಕೊಳ್ಳುವುದಿಲ್ಲ. ಬರೆದ ಕಾಗದ 1996ರಲ್ಲೇ ಉಳಿಯುತ್ತದೆ, ತಲೆಯಲ್ಲಿ ಹೊತ್ತದ್ದು ಮಾತ್ರ ಅವನ ಜೊತೆ ಬರುವುದು.

ಆಮೇಲೆ ಹಡಗಿನ ರೇಡಿಯೋ ಕೋಣೆ. ಯಾರೋ ಬೇಕೆಂದೇ ಒಡೆದು ಹಾಕಿದ ಯಂತ್ರಗಳು. ನೆಲದ ಮೇಲೆ ಆಗಷ್ಟೇ ಸತ್ತ ಮಿನ್‌ಕೌಸ್ಕಿ. ಸಯೀದ್ ತಂತಿ ಜೋಡಿಸಿ ಹೇಗೋ ಜೀವ ಬರಿಸಿದ್ದಾನೆ, ವಿದ್ಯುತ್ ಎಷ್ಟು ಹೊತ್ತು ನಿಲ್ಲುತ್ತದೋ ಹೇಳಲಾರ. ಡೆಸ್ಮಂಡ್ ಮೂಗಿನಿಂದ ರಕ್ತ ಇಳಿಯುತ್ತಿದೆ. ಗಂಟೆ ಬಾರಿಸುತ್ತಿದೆ, ಬಾರಿಸುತ್ತಲೇ ಇದೆ. ಆಮೇಲೆ ಒಂದು ಹಲೋ.

ನಮ್ಮಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಊರು ಕುಂದಾಪುರದ ಹತ್ತಿರ. ಅಪ್ಪ ಸರಕು ಹಡಗಿನ ಎಂಜಿನ್ ವಿಭಾಗದಲ್ಲಿ ಕೆಲಸಕ್ಕಿದ್ದವರು, ವರ್ಷಕ್ಕೆ ಒಂಬತ್ತು ತಿಂಗಳು ನೀರಿನ ಮೇಲೆ. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಫೋನ್ ಇರಲಿಲ್ಲ. ಯಾವುದೋ ಬಂದರಿನಿಂದ ಅಪ್ಪ ರಸ್ತೆ ಬದಿಯ ಅಂಗಡಿಗೆ ಕರೆ ಮಾಡುತ್ತಿದ್ದರು, ಅಂಗಡಿಯ ಹುಡುಗ ಗದ್ದೆ ಅಂಚಿನಲ್ಲಿ ಓಡಿ ಬಂದು ಕರೆಯುತ್ತಿದ್ದ. ಅಮ್ಮ ಒದ್ದೆ ಕೈಯಲ್ಲೇ ಓಡುತ್ತಿದ್ದಳು. ಎಷ್ಟೋ ಸಲ ಹೋಗಿ ಮುಟ್ಟುವಷ್ಟರಲ್ಲಿ ಲೈನ್ ಕಟ್. ಅಂಗಡಿಯ ಬೆಂಚಿನ ಮೇಲೆ ಕೂತು, ಮತ್ತೆ ಬರಬಹುದೆಂದು ಆ ಕಪ್ಪು ಫೋನನ್ನೇ ನೋಡುತ್ತಿದ್ದಳು. ಬಂದಾಗ ಮಾತಾಡುವುದೂ ಹೆಚ್ಚೇನಿಲ್ಲ. ಉಂಡ್ರಾ, ಹುಷಾರಿದ್ದೀರಾ, ಯಾವಾಗ ಬರ್ತೀರಿ. ದುಡ್ಡು ಏರುತ್ತಿದೆ ಎಂಬ ಗಾಬರಿಯಲ್ಲಿ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು.

ಈ ಎಪಿಸೋಡ್‌ನ ಕೊನೆಯ ಹತ್ತು ನಿಮಿಷ ಅವಳಿಗೆ ತೋರಿಸಿದೆ. ಮಧ್ಯೆ ಮಧ್ಯೆ ನಿಲ್ಲಿಸಿ ಕಥೆ ಹೇಳುತ್ತಿದ್ದವನು ಫೋನ್ ಗಂಟೆ ಬಾರಿಸಿದ ಮೇಲೆ ನಿಲ್ಲಿಸಲಿಲ್ಲ. ಡೆಸ್ಮಂಡ್ ಮತ್ತು ಪೆನ್ನಿ ಕೂಡ ಹಾಗೇ, ಲೈನ್ ಹೋಗುವ ಮುಂಚೆ ಹೇಳಿಬಿಡಬೇಕೆಂದು ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಾರೆ. ಮೂರು ವರ್ಷದಿಂದ ನಿನ್ನನ್ನೇ ಹುಡುಕುತ್ತಿದ್ದೇನೆ ಎನ್ನುತ್ತಾಳೆ ಅವಳು. ಕೊನೆಯ ಮಾತನ್ನು ಇಬ್ಬರೂ ಒಟ್ಟಿಗೇ ಹೇಳುತ್ತಾರೆ, ಲೈನ್ ಕಟ್ ಆಗುತ್ತದೆ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದ್ದು ಇಷ್ಟು: “ನಂಬರ್ ಹಾಗೇ ಇಟ್ಕೊಂಡಿದ್ದಾಳಲ್ಲ ಅವಳು.”

ಅಲ್ಲಿಯವರೆಗೆ ಇದನ್ನು ನಾನು ಡೆಸ್ಮಂಡ್‌ನ ಪ್ರೀತಿಯ ಕಥೆ ಎಂದೇ ನೋಡಿದ್ದೆ. ಆ ಮಾತು ಕೇಳಿದ ಮೇಲೆ ಬೇರೆಯಾಗಿ ಕಂಡಿತು. ಡೆಸ್ಮಂಡ್ ಮಾಡಿದ್ದು ಒಂದು ಕರೆ. ಸ್ಥಿರವಾಗಿ ನಿಂತವಳು ಪೆನ್ನಿ. ಎಂಟು ವರ್ಷ ಆ ನಂಬರ್ ಬದಲಾಯಿಸದೆ, ಆ ತಾರೀಖಿನ ಸಂಜೆ ಫೋನ್ ಇರುವಲ್ಲಿ ಇದ್ದು, ಎತ್ತಿದವಳು. ಎಪಿಸೋಡ್‌ನ ಹೆಸರು ಯಾರ ಮೇಲಿದೆಯೋ ಅವಳಿಗೆ ಪರದೆಯ ಮೇಲೆ ಸಿಗುವುದು ಕೆಲವೇ ನಿಮಿಷ. ಉಳಿದ ಎಂಟು ವರ್ಷ ನಮಗೆ ಕಾಣುವುದಿಲ್ಲ. ನಮ್ಮ ಮನೆಯ ಲ್ಯಾಂಡ್‌ಲೈನ್ ತೆಗೆಸಲು ಅಮ್ಮ ಇವತ್ತಿಗೂ ಒಪ್ಪಿಲ್ಲ. ಅಪ್ಪನಿಗೆ ಬಾಯಿಪಾಠ ಇರುವುದು ಅದೊಂದೇ ನಂಬರ್.

1996ರಲ್ಲೇ ಡೆಸ್ಮಂಡ್ ಬಂದು ಹೋಗಿದ್ದರೆ, ದ್ವೀಪದಲ್ಲಿ ನೋಡಿದಾಗ ಫ್ಯಾರಡೆ ಯಾಕೆ ಗುರುತು ಹಿಡಿಯಲಿಲ್ಲ?

ಒಳ್ಳೆಯ ಪ್ರಶ್ನೆ. ಉತ್ತರ ಆಕ್ಸ್‌ಫರ್ಡ್‌ನ ದೃಶ್ಯದಲ್ಲೇ ಇದೆ. ವಿಕಿರಣ ತಡೆಯಲು ಫ್ಯಾರಡೆ ಎದೆಗೆ ಕವಚ ತೊಟ್ಟುಕೊಳ್ಳುತ್ತಾನೆ. ನನಗೂ ಒಂದು ಬೇಡವೇ ಎಂದರೆ, ನಾನಾದರೆ ದಿನಕ್ಕೆ ಇಪ್ಪತ್ತು ಸಲ ಇದನ್ನು ಮಾಡುವವನು, ನಿನಗೆ ಒಂದು ಸಲಕ್ಕೆ ಏನಾಗದು ಎನ್ನುತ್ತಾನೆ. ಹಾಗಾದರೆ ತಲೆಗೆ ಏನು ಹಾಕಿಕೊಳ್ಳುತ್ತೀಯ ಎಂದು ಡೆಸ್ಮಂಡ್ ಕೇಳುತ್ತಾನೆ. ಫ್ಯಾರಡೆ ಬಳಿ ಉತ್ತರ ಇಲ್ಲ. ಇದೇ ಸೀಸನ್‌ನ ಹಿಂದಿನ ಎಪಿಸೋಡ್‌ನಲ್ಲಿ ಅವನು ಮೂರು ಇಸ್ಪೀಟು ಎಲೆ ನೆನಪಿಟ್ಟುಕೊಳ್ಳಲು ಒದ್ದಾಡಿ, ಎರಡನ್ನಷ್ಟೇ ಹೇಳುತ್ತಾನೆ. ಪ್ರಯೋಗ ಅವನ ನೆನಪನ್ನೇ ತಿಂದಿದೆ.

ಹಾಗಾದರೆ ಹಳೆಯದು ಬದಲಾಯಿತೇ ಎಂದರೆ, ಇಲ್ಲ ಎನ್ನುವುದು ನನ್ನ ಓದು. ‘ಲಾಸ್ಟ್’ನಲ್ಲಿ ಆದದ್ದು ಆಗಿಯೇ ಇರುತ್ತದೆ ಎಂಬ ನಿಯಮ ಮುಂದಿನ ಸೀಸನ್‌ನಲ್ಲಿ ಗಟ್ಟಿಯಾಗುತ್ತದೆ. ಪೆನ್ನಿ 1996ರಲ್ಲಿ ನಂಬರ್ ಕೊಟ್ಟಿದ್ದಳು, ಯಾವಾಗಲೂ ಕೊಟ್ಟಿದ್ದಳು. ಇದನ್ನು ಒಪ್ಪದವರೂ ಇದ್ದಾರೆ. ಡೆಸ್ಮಂಡ್‌ಗೆ ಮಾತ್ರ ಆ ನಿಯಮ ಅನ್ವಯಿಸುವುದಿಲ್ಲ ಎಂದು ಧಾರಾವಾಹಿಯೇ ಒಂದೆಡೆ ಹೇಳುವುದರಿಂದ ಅವರ ವಾದವನ್ನು ತಳ್ಳಿಹಾಕಲಾರೆ.

ಹೊರಟಾಗ ಸಂಜೆ, ಹಡಗಿಗೆ ಇಳಿದಾಗ ನಡು ಹಗಲು. ಚಿತ್ರೀಕರಣದ ತಪ್ಪೇ?

ತಪ್ಪಲ್ಲ, ಸಯೀದ್ ಅದನ್ನೇ ಪೈಲಟ್‌ನನ್ನು ಕೇಳುತ್ತಾನೆ. ದ್ವೀಪದ ಕಾಲಕ್ಕೂ ಹೊರಗಿನ ಕಾಲಕ್ಕೂ ಹೊಂದಾಣಿಕೆಯಿಲ್ಲ. ಎರಡು ಎಪಿಸೋಡ್ ಹಿಂದೆ ಫ್ಯಾರಡೆ ಹಡಗಿನಿಂದ ತರಿಸಿದ ರಾಕೆಟ್ಟಿನ ಗಡಿಯಾರಕ್ಕೂ ದ್ವೀಪದ ಗಡಿಯಾರಕ್ಕೂ 31 ನಿಮಿಷ ವ್ಯತ್ಯಾಸ ಬಂದಿತ್ತು.

ಸಯೀದ್ ಪಾತ್ರಧಾರಿ ಭಾರತೀಯರಂತೆ, ಹೌದೇ?

ನವೀನ್ ಆಂಡ್ರ್ಯೂಸ್ ಹುಟ್ಟಿದ್ದು ಲಂಡನ್ನಿನಲ್ಲಿ, 1969ರಲ್ಲಿ. ತಂದೆ ತಾಯಿ ಕೇರಳ ಮೂಲದವರು. ಧಾರಾವಾಹಿಯಲ್ಲಿ ಅವರದು ಇರಾಕಿ ಸೇನೆಯ ಸಂಪರ್ಕ ವಿಭಾಗದಲ್ಲಿದ್ದವನ ಪಾತ್ರ, ಅದಕ್ಕೇ ಒಡೆದ ರೇಡಿಯೋ ಅವನ ಕೈಗೆ ಬಗ್ಗುತ್ತದೆ. ಡೆಸ್ಮಂಡ್ ಆಗಿರುವ ಹೆನ್ರಿ ಇಯಾನ್ ಕ್ಯೂಸಿಕ್ ಪೆರು ದೇಶದಲ್ಲಿ ಹುಟ್ಟಿದ ಸ್ಕಾಟಿಷ್ ನಟ. ಪೆನ್ನಿ ಇಂಗ್ಲಿಷ್ ನಟಿ ಸೋನ್ಯಾ ವಾಲ್ಗರ್, ಮಿನ್‌ಕೌಸ್ಕಿ ಫಿಷರ್ ಸ್ಟೀವನ್ಸ್, ಫ್ಯಾರಡೆ ಜೆರೆಮಿ ಡೇವಿಸ್.

ಪಾತ್ರಗಳಿಗೆ ವಿಜ್ಞಾನಿಗಳ ಹೆಸರು ಯಾಕೆ?

‘ಲಾಸ್ಟ್’ನ ಅಭ್ಯಾಸ ಅದು. ಮೈಕಲ್ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು 1831ರಲ್ಲಿ ಕಂಡುಹಿಡಿದವರು, ಇಲ್ಲಿ ಡೆಸ್ಮಂಡ್‌ನನ್ನು ಕೆಡಿಸಿದ್ದೂ ವಿದ್ಯುತ್ಕಾಂತೀಯ ಶಕ್ತಿಯೇ. ಹರ್ಮನ್ ಮಿನ್‌ಕೌಸ್ಕಿ 1908ರಲ್ಲಿ ದೇಶ ಮತ್ತು ಕಾಲ ಬೇರೆಬೇರೆಯಲ್ಲ, ಒಂದೇ ಹೆಣಿಗೆ ಎಂದು ಸಾರಿದ ಗಣಿತಜ್ಞ. ಈ ಎಪಿಸೋಡ್ ಬರುವಾಗ ಅದಕ್ಕೆ ಹೆಚ್ಚುಕಡಿಮೆ ನೂರು ವರ್ಷ. ಡೇವಿಡ್ ಹ್ಯೂಮ್ ಸ್ಕಾಟ್ಲೆಂಡಿನ ತತ್ವಜ್ಞಾನಿ, ಕಾರಣ ಮತ್ತು ಪರಿಣಾಮದ ಸಂಬಂಧವನ್ನೇ ಪ್ರಶ್ನಿಸಿದವರು. ಪರಿಣಾಮ ಮೊದಲು, ಕಾರಣ ಆಮೇಲೆ ಬರುವ ಕಥೆಗೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ.

ಪ್ರಶಸ್ತಿ ಬಂತೇ?

ಸಂಗೀತಕ್ಕೆ ಟಿವಿ ಪ್ರಶಸ್ತಿಯಾದ ಎಮ್ಮಿಯ ನಾಮನಿರ್ದೇಶನ, 2009ರಲ್ಲಿ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯ ನಾಮನಿರ್ದೇಶನ. ಎರಡೂ ಗೆಲ್ಲಲಿಲ್ಲ.

ಕಥೆಯಲ್ಲಿ ಹೊಂದಿಕೆಯಾಗದ್ದು ಏನಾದರೂ ಇದೆಯೇ?

ಫೋನ್ ನಂಬರಿನದು ಹೇಳಿದೆ. ಇನ್ನೊಂದು ಬ್ಲ್ಯಾಕ್ ರಾಕ್‌ನದು. ಹರಾಜುಗಾರ 1845 ಎನ್ನುತ್ತಾನೆ, ಆರನೇ ಸೀಸನ್‌ನಲ್ಲಿ ಆ ಹಡಗು ದ್ವೀಪಕ್ಕೆ ಬಂದು ಬೀಳುವುದು 1867ರಲ್ಲಿ. ಎರಡನ್ನೂ ಹೊಂದಿಸಲು ಅಭಿಮಾನಿಗಳು ಬಗೆಬಗೆಯಾಗಿ ಹೆಣಗಿದ್ದಾರೆ. ಬರೆಯುವವರ ಕಣ್ತಪ್ಪು ಎಂದು ಒಪ್ಪಿ ಮುಂದೆ ಹೋಗುವುದೇ ಒಳ್ಳೆಯದು.

ಇವರಿಬ್ಬರ ಕಥೆಯನ್ನಷ್ಟೇ ಹಿಡಿದು ನೋಡಬೇಕು. ಯಾವ್ಯಾವ ಎಪಿಸೋಡ್?

ಎರಡನೇ ಸೀಸನ್‌ನ ಕೊನೆಯದು ‘ಲಿವ್ ಟುಗೆದರ್, ಡೈ ಅಲೋನ್’, ಮೂರನೆಯದರಲ್ಲಿ ‘ಫ್ಲ್ಯಾಶಸ್ ಬಿಫೋರ್ ಯುವರ್ ಐಸ್’, ಮೂರರ ಕೊನೆಯದು, ಆಮೇಲೆ ‘ದಿ ಕಾನ್‌ಸ್ಟಂಟ್’. ನಾಲ್ಕರ ಕೊನೆಯಲ್ಲಿ ಇಬ್ಬರೂ ಎದುರು ಬದುರು ನಿಲ್ಲುತ್ತಾರೆ, ಆ ದೃಶ್ಯವನ್ನು ತಪ್ಪಿಸಬೇಡಿ. ಐದನೇ ಸೀಸನ್‌ನ ‘ಜಗ್‌ಹೆಡ್’ನಲ್ಲಿ ಅವರ ಮಗ ಇದ್ದಾನೆ, ಹೆಸರು ಚಾರ್ಲಿ. ಯಾರ ನೆನಪಿಗೆ ಎಂದು ನಿಮಗೆ ಗೊತ್ತು. ಅದೇ ಸೀಸನ್‌ನ ‘ದಿ ವೇರಿಯಬಲ್’, ಹೆಸರೇ ಹೇಳುವಂತೆ ಇದರ ಜೋಡಿ, ಧಾರಾವಾಹಿಯ ನೂರನೇ ಎಪಿಸೋಡ್ ಕೂಡ. ಆರನೆಯದರಲ್ಲಿ ‘ಹ್ಯಾಪಿಲಿ ಎವರ್ ಆಫ್ಟರ್’.

ಎರಡನೇ ಸಲ ನೋಡುವಾಗ ಏನನ್ನು ಗಮನಿಸಲಿ?

ಕರೆ ಮುಗಿದ ಮೇಲೆ ಡೆಸ್ಮಂಡ್ ಸಯೀದ್ ಕಡೆ ತಿರುಗಿ ಅವನ ಹೆಸರು ಹಿಡಿದು ಧನ್ಯವಾದ ಹೇಳುತ್ತಾನೆ. ಎಪಿಸೋಡ್ ಶುರುವಿನಲ್ಲಿ ಗುರುತೇ ಸಿಗದಿದ್ದ ಗೆಳೆಯನ ಹೆಸರು. ನೆಲೆ ಸಿಕ್ಕಿತು ಎಂದು ತಿಳಿಯುವುದು ಅಲ್ಲಿ.

ಅಲ್ಲಿಗೇ ಟಿವಿ ಆರಿಸಬೇಡಿ. ಅದಾದ ಮೇಲೆ ದ್ವೀಪದಲ್ಲಿ ಫ್ಯಾರಡೆ ಒಬ್ಬನೇ ಕೂತು ತನ್ನ ಹಳೆಯ ದಿನಚರಿಯ ಹಾಳೆ ತಿರುವುತ್ತಾನೆ. ಸಮೀಕರಣಗಳ ನಡುವೆ, ಅವನದೇ ಕೈಬರಹದಲ್ಲಿ, ಅವನಿಗೆ ನೆನಪಿಲ್ಲದ ಒಂದು ಸಾಲು ಇದೆ: ಏನಾದರೂ ಎಡವಟ್ಟಾದರೆ ಡೆಸ್ಮಂಡ್ ಹ್ಯೂಮ್ ನನ್ನ ಕಾನ್‌ಸ್ಟಂಟ್.